ಮನೆ ಹಿಂದಿನ ಹಳ್ಳ ಎಷ್ಟು ಬೇಗ ಉಕ್ಕುತ್ತದೆ? ಮಲೆನಾಡಿನಲ್ಲಿ ನೀವೇ ಅಂದಾಜು ಮಾಡುವ ಕ್ರಮ

ಹಳ್ಳದ ಪಕ್ಕ ಮನೆ, ತೋಟ, ಕೊಟ್ಟಿಗೆ ಇರುವವರು ನೆರೆಯ ಅಪಾಯ ಅಂದಾಜು ಮಾಡಲು ಹೋಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ಎಷ್ಟೋ ಜನ ತಾವು ನೋಡಿದ್ದನ್ನು ನನಗೆ ವಿವರಿಸಿದ್ದಾರೆ. ಎಲ್ಲರೂ ದಡದಲ್ಲಿ ನಿಂತು ನೀರು ನೋಡಿದ್ದಾರೆ. ಅಂಗಳದ ಮಳೆ ಅಳೆದಿದ್ದಾರೆ. ಹಿಂದಕ್ಕೆ ತಿರುಗಿ ಗುಡ್ಡ ನೋಡಿದವರು ಕಡಿಮೆ.

ದೊಡ್ಡ ಹೊಳೆ ಏರಲು ಹೊತ್ತು ಬೇಕು. ತುಂಗೆ ಏರುತ್ತಿದ್ದಾಳೆ ಅಂತ ಮೇಲಿನ ಊರಿನವರು ಫೋನ್ ಮಾಡಿ ಹೇಳಬಹುದು. ಸಣ್ಣ ಹಳ್ಳದಲ್ಲಿ ಆ ಅವಕಾಶ ಇಲ್ಲ. ಅಲ್ಲಿ ಎಷ್ಟು ಮಳೆ ಬಿತ್ತು ಅನ್ನುವಷ್ಟೇ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಆ ನೀರು ಎಷ್ಟು ನಿಮಿಷದಲ್ಲಿ ನಿಮ್ಮ ಬಾಗಿಲಿಗೆ ಬರುತ್ತದೆ? ಅದನ್ನು ನೆಲದ ರೂಪ ತೀರ್ಮಾನಿಸುತ್ತದೆ. ಅದಕ್ಕೆ ಈ ಕೆಲಸದಲ್ಲಿ ಹಂತಗಳ ಕ್ರಮ ತಪ್ಪಿಸಬೇಡಿ.

## ಶುರು ಮಾಡುವ ಮೊದಲು: ಸಾಮಾನು ಮತ್ತು ಸಮಯ

ದುಬಾರಿ ಸಾಮಾನು ಏನೂ ಬೇಡ. ಗೂಗಲ್ ಅರ್ಥ್ ಇರುವ ಫೋನ್. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಅಳತೆಯ ನಕ್ಷೆ. ಇದು ಇಲಾಖೆಯ ಆನ್‌ಲೈನ್ ನಕ್ಷೆಗಳ ಪೋರ್ಟಲ್‌ನಲ್ಲಿ ಸಿಗುತ್ತದೆ. ಸರ್ವೆ ನಂಬರ್ ನೋಡಲು ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್. ಜೊತೆಗೆ ಅಳತೆ ಟೇಪು, ಉದ್ದ ಕೋಲು, ಸ್ವಲ್ಪ ಬಣ್ಣ, ಒಂದು ನೋಟ್‌ಬುಕ್, ಮಳೆ ಅಳೆಯಲು ಗೋಡೆ ನೆಟ್ಟಗಿರುವ ಡಬ್ಬ. ತಳ ಮತ್ತು ಮುಚ್ಚಳ ಎರಡೂ ಕತ್ತರಿಸಿದ ಇನ್ನೊಂದು ಡಬ್ಬ ಬೇಕು. ಅದರ ಕೆಲಸ 4ನೇ ಹಂತದಲ್ಲಿ ಬರುತ್ತದೆ.

ಎರಡು ಸಲ ತಿರುಗಾಡಬೇಕು. ಮೊದಲನೆಯದು ಫೆಬ್ರವರಿ, ಮಾರ್ಚ್‌ನಲ್ಲಿ. ಆಗ ಹಳ್ಳ ಇಳಿದಿರುತ್ತದೆ, ಪೊದೆ ಒಣಗಿರುತ್ತದೆ, ತಳ ಕಾಣುತ್ತದೆ. ಎರಡನೆಯದು ಮಳೆ ಹಿಡಿದ ಮೇಲೆ, ಹೊಳವಾದ ಒಂದು ದಿನ. ಮಳೆ ಸುರಿಯುತ್ತಿರುವಾಗ ಹಳ್ಳದೊಳಗೆ ಇಳಿಯಲೇಬೇಡಿ. ಒಬ್ಬರೇ ಹೋಗಬೇಡಿ.

## ಹಂತ 1: ಯಾವ ಜಾಗದ ಅಪಾಯ ಅಂತ ಮೊದಲು ಗುರುತಿಸಿ

‘ನಮ್ಮೂರಿನ ಹಳ್ಳ’ ಅಂದರೆ ಲೆಕ್ಕ ಸಿಗುವುದಿಲ್ಲ. ಒಂದೇ ಒಂದು ಜಾಗ ಹಿಡಿಯಿರಿ. ಅದು ಮನೆಯ ಹಿಂಬದಿ ಇರಬಹುದು, ಮಕ್ಕಳು ಶಾಲೆಗೆ ದಾಟುವ ಕಾಲುಸಂಕ ಇರಬಹುದು, ರಸ್ತೆಯ ಮೋರಿ ಇರಬಹುದು. ಮೂರೂ ಬೇಕಿದ್ದರೆ ಮೂರು ಸಲ ಲೆಕ್ಕ ಮಾಡಿ. ಅರ್ಧ ಕಿ.ಮೀ. ಕೆಳಗೆ ಇನ್ನೊಂದು ತೊರೆ ಬಂದು ಸೇರಿದರೆ ಅಲ್ಲಿನ ಲೆಕ್ಕವೇ ಬೇರೆ.

## ಹಂತ 2: ನೀರು ಎಲ್ಲಿಂದ ಬರುತ್ತದೆ, ಗಡಿ ಎಳೆಯಿರಿ

ಆ ಜಾಗಕ್ಕೆ ಹರಿದು ಬರುವ ಅಷ್ಟೂ ನೆಲ ಆ ಜಾಗದ ಜಲಾನಯನ. ನಕ್ಷೆಯಲ್ಲಿ ನಿಮ್ಮ ಜಾಗದ ಮೇಲೆ ಚುಕ್ಕೆ ಇಡಿ. ಅಲ್ಲಿಂದ ಎಡಕ್ಕೂ ಬಲಕ್ಕೂ ಗುಡ್ಡದ ನೆತ್ತಿ ಹಿಡಿದು ಮೇಲಕ್ಕೆ ಗೆರೆ ಎಳೆಯುತ್ತಾ ಹೋಗಿ. ಎರಡೂ ಗೆರೆ ತುದಿಯಲ್ಲಿ ಸೇರುತ್ತವೆ.

ನಕ್ಷೆಯ ಎತ್ತರದ ಗೆರೆ ಓದಲು ಒಂದು ಸುಲಭ ಉಪಾಯ. ಹಳ್ಳ ಇರುವಲ್ಲಿ ಗೆರೆ ಮೂಗಿನಂತೆ ಮೇಲ್ಗಡೆಗೆ ಚಾಚಿರುತ್ತದೆ. ನೆತ್ತಿ ಇರುವಲ್ಲಿ ಕೆಳಗಡೆಗೆ ಚಾಚಿರುತ್ತದೆ. ಗುಡ್ಡದ ನಕ್ಷೆಯಲ್ಲಿ ಸಾಮಾನ್ಯವಾಗಿ ಒಂದೊಂದು ಗೆರೆಗೂ 20 ಮೀಟರ್ ಅಂತರ. ಅನುಮಾನ ಬಂದ ಕಡೆ ನಡೆದುಕೊಂಡೇ ಹೋಗಿ ನೋಡಿ. ಎಷ್ಟೋ ಕಡೆ ರಸ್ತೆಯ ಚರಂಡಿ ಪಕ್ಕದ ಗುಡ್ಡದ ನೀರನ್ನು ತಂದು ನಿಮ್ಮ ಹಳ್ಳಕ್ಕೆ ಬಿಟ್ಟಿರುತ್ತದೆ. ನಕ್ಷೆಯಲ್ಲಿ ಅದು ಇರುವುದಿಲ್ಲ. ಅಗಳಗಳನ್ನೂ (ಉದ್ದಕ್ಕೆ ತೋಡಿದ ಕಂದಕಗಳು) ಹಾಗೆಯೇ ನೋಡಿ.

ಗಡಿ ಸಿಕ್ಕ ಮೇಲೆ ಗೂಗಲ್ ಅರ್ಥ್‌ನ ಅಳತೆ ಸಾಧನದಿಂದ ವಿಸ್ತೀರ್ಣ ತೆಗೆಯಿರಿ.

ಇಲ್ಲಿ ಆಗುವ ತಪ್ಪು: ಊರಿನ ಗಡಿಯನ್ನೇ ನೀರಿನ ಗಡಿ ಅಂದುಕೊಳ್ಳುವುದು. ನೀರಿಗೆ ಪಂಚಾಯ್ತಿ ಗೊತ್ತಿಲ್ಲ. ನಿಮ್ಮ ಹಳ್ಳದ ನೆತ್ತಿ ಪಕ್ಕದ ತಾಲ್ಲೂಕಿನಲ್ಲಿ ಇರಬಹುದು.

## ಹಂತ 3: ಇಳಿಜಾರು ಮತ್ತು ಆಕಾರದಿಂದ ಸಮಯ ತೆಗೆಯಿರಿ

ಇಲ್ಲಿ ಅವಸರ ಮಾಡಬೇಡಿ. ನನ್ನ ಪ್ರಕಾರ ಇಡೀ ಕೆಲಸದ ತಿರುಳು ಇದೇ.

ನೆತ್ತಿಯ ಅತಿ ದೂರದ ತುದಿಯಿಂದ ನಿಮ್ಮ ಜಾಗದವರೆಗೆ ಹಳ್ಳದ ಉದ್ದ ಅಳೆಯಿರಿ. ಮೇಲಿನ ತುದಿಯ ಎತ್ತರದಿಂದ ನಿಮ್ಮ ಜಾಗದ ಎತ್ತರ ಕಳೆಯಿರಿ. ಅದು ಇಳಿತ. ಈ ಎರಡು ಅಂಕಿ ಇದ್ದರೆ, ಮೇಲೆ ಬಿದ್ದ ನೀರು ಕೆಳಗೆ ಬರಲು ಎಷ್ಟು ಹೊತ್ತು ಬೇಕು ಅಂತ ಕಿರ್ಪಿಚ್ ಸೂತ್ರದಿಂದ ಅಂದಾಜು ಮಾಡಬಹುದು. ಲೆಕ್ಕ ನಾನೇ ಮಾಡಿಟ್ಟಿದ್ದೇನೆ, ನಿಮ್ಮದಕ್ಕೆ ಹತ್ತಿರದ್ದನ್ನು ಹಿಡಿಯಿರಿ:

- 1 ಕಿ.ಮೀ. ಉದ್ದ, 100 ಮೀ. ಇಳಿತ: ಸುಮಾರು 10 ನಿಮಿಷ
- 2 ಕಿ.ಮೀ. ಉದ್ದ, 200 ಮೀ. ಇಳಿತ: ಸುಮಾರು 17 ನಿಮಿಷ
- 2 ಕಿ.ಮೀ. ಉದ್ದ, 20 ಮೀ. ಇಳಿತ: ಸುಮಾರು 40 ನಿಮಿಷ
- 5 ಕಿ.ಮೀ. ಉದ್ದ, 250 ಮೀ. ಇಳಿತ: ಸುಮಾರು 45 ನಿಮಿಷ

ಎರಡನೆಯದನ್ನೂ ಮೂರನೆಯದನ್ನೂ ಹೋಲಿಸಿ ನೋಡಿ. ಉದ್ದ ಒಂದೇ. ಇಳಿಜಾರು ಬದಲಾಯಿತು, ಅಷ್ಟಕ್ಕೇ ಸಮಯ ಅರ್ಧಕ್ಕಿಂತ ಕೆಳಗೆ ಬಂತು. ದಟ್ಟ ಕಾಡಿನ ನೆಲ ನೀರನ್ನು ಇದಕ್ಕಿಂತ ಹೆಚ್ಚು ಹೊತ್ತು ತಡೆದು ಬಿಡಬಹುದು. ಆದರೆ ಅದನ್ನು ನಂಬಿ ಕೂರಬೇಡಿ. ಪ್ರಾಣದ ಲೆಕ್ಕದಲ್ಲಿ ವೇಗದ ಅಂದಾಜನ್ನೇ ಇಟ್ಟುಕೊಳ್ಳಬೇಕು.

ಈಗ ಆಕಾರ ನೋಡಿ. ಜಲಾನಯನ ಅಡಿಕೆ ಹಾಳೆಯಂತೆ ಉದ್ದಕ್ಕೆ ಚಾಚಿದ್ದರೆ ಹತ್ತಿರದ ನೀರು ಮೊದಲು ಬಂದು ಹೋಗುತ್ತದೆ, ದೂರದ್ದು ಆಮೇಲೆ ಬರುತ್ತದೆ. ನೆರೆ ತಗ್ಗಾಗಿ, ಜಾಸ್ತಿ ಹೊತ್ತು ಇರುತ್ತದೆ. ಬೀಸಣಿಗೆಯಂತೆ ಅಗಲವಾಗಿದ್ದು ನಾಲ್ಕೈದು ತೊರೆಗಳು ಒಂದೇ ಕಡೆ ಸೇರುತ್ತಿದ್ದರೆ ಎಲ್ಲ ಕಡೆಯ ನೀರೂ ಒಟ್ಟಿಗೆ ಬಂದು ಬೀಳುತ್ತದೆ. ನಿಮ್ಮ ಜಾಗ ಆ ಬೀಸಣಿಗೆಯ ಹಿಡಿಯಲ್ಲಿ ಇದೆಯಾ? ಇದ್ದರೆ ನೋಟ್‌ಬುಕ್‌ನಲ್ಲಿ ದೊಡ್ಡದಾಗಿ ಬರೆದಿಡಿ.

ಇನ್ನೊಂದು ಜಾಗ ಗಮನಿಸಲೇಬೇಕು. ಕಡಿದಾದ ಗುಡ್ಡ ಮುಗಿದು ನೆಲ ಥಟ್ಟನೆ ಸಪಾಟಾಗುವ ಬಾಯಿ. ಮೇಲಿಂದ ಹೊತ್ತು ತಂದ ಕಲ್ಲು, ಮಣ್ಣು, ಮರವನ್ನೆಲ್ಲ ಹಳ್ಳ ಅಲ್ಲೇ ಇಳಿಸುತ್ತದೆ. ಸಪಾಟಾದ ನೆಲ, ನೀರಿನ ಅನುಕೂಲ ಅಂತ ಜನ ಮನೆ ಕಟ್ಟುವುದೂ ಅಲ್ಲೇ.

## ಹಂತ 4: ನೆಲ ಎಷ್ಟು ಕುಡಿಯುತ್ತದೆ ನೋಡಿ

ಜಲಾನಯನದಲ್ಲಿ ಯಾವ ಯಾವ ನೆಲ ಎಷ್ಟೆಷ್ಟಿದೆ ಅಂತ ಅಂದಾಜು ಭಾಗ ಮಾಡಿ: ಕಾನು (ಹಳೆಯ ದಟ್ಟ ಕಾಡು), ನೆಡುತೋಪು, ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಬೇಣ (ಹುಲ್ಲುಗಾವಲು), ತೋಟ, ಗದ್ದೆ, ಬಂಡೆ, ಕಟ್ಟಡ ಮತ್ತು ರಸ್ತೆ.

ಹಳೆಯ ಕಾನಿನ ಕೆಳಗೆ ದರಗು (ಉದುರಿದ ಎಲೆ) ದಪ್ಪ, ಬೇರು ಆಳ, ಮಣ್ಣು ಸಡಿಲ. ನೀರು ಕೆಳಗಿಳಿಯುತ್ತದೆ. ದನ ತುಳಿದು ಗಟ್ಟಿಯಾದ ಬೇಣದಲ್ಲಿ ಅಷ್ಟಿಲ್ಲ. ಜಂಬಿಟ್ಟಿಗೆ ಹಾಸು ಮೇಲೆಯೇ ಕಾಣುವ ಗುಡ್ಡದಲ್ಲಿ ಇನ್ನೂ ಕಡಿಮೆ. ಕುಂದಾದ್ರಿಯಂಥ ಹಾಸುಬಂಡೆಯ ಮೇಲೆ ಬಿದ್ದ ನೀರು ಬಿದ್ದ ಹಾಗೇ ಜಾರುತ್ತದೆ. ದರಗು ಗುಡಿಸಿ ಒಯ್ದ ಅಕೇಶಿಯಾ ತೋಪು ದೂರದಿಂದ ಹಸಿರಾಗಿ ಕಂಡರೂ ಕಾನಿನ ಕೆಲಸ ಮಾಡುವುದಿಲ್ಲ. ಉಪಗ್ರಹ ಚಿತ್ರದಲ್ಲಿ ಎರಡೂ ಒಂದೇ ಹಸಿರು. ಅದಕ್ಕೇ ಕಾಲಲ್ಲಿ ತಿರುಗಿ ನೋಡಿ ಅನ್ನುವುದು.

ಕಣ್ಣಂದಾಜು ಸಾಲದಿದ್ದರೆ ಡಬ್ಬದ ಪರೀಕ್ಷೆ ಮಾಡಿ. ತಳವಿಲ್ಲದ ಡಬ್ಬವನ್ನು ಮಣ್ಣಿಗೆ 5 ಸೆಂ.ಮೀ. ಒತ್ತಿ. 10 ಸೆಂ.ಮೀ. ಎತ್ತರ ನೀರು ಹಾಕಿ, ಇಂಗಲು ಬಿಡಿ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡನೇ ಸಲ ಹಾಕಿ, 10 ನಿಮಿಷದಲ್ಲಿ ಎಷ್ಟು ಮಿ.ಮೀ. ಇಳಿಯಿತು ನೋಡಿ ಆರರಿಂದ ಗುಣಿಸಿ. ಗಂಟೆಗೆ ಎಷ್ಟು ಮಿ.ಮೀ. ಮಳೆಯನ್ನು ಆ ನೆಲ ಕುಡಿಯುತ್ತದೆ ಅಂತ ತಿಳಿಯುತ್ತದೆ. ಡಬ್ಬದ ಕೆಳಗೆ ನೀರು ಪಕ್ಕಕ್ಕೂ ಹರಡುವುದರಿಂದ ನಿಜವಾದ ಅಂಕಿ ಇದಕ್ಕಿಂತ ಕಡಿಮೆಯೇ. ಒಂದೊಂದು ಬಗೆಯ ನೆಲದಲ್ಲಿ ನಾಲ್ಕೈದು ಕಡೆ ಮಾಡಿ. ಬೇಸಿಗೆಯಲ್ಲಿ ಒಮ್ಮೆ, ಜುಲೈನಲ್ಲಿ ಒಮ್ಮೆ.

ಜುಲೈ ಯಾಕೆ? ಮಲೆನಾಡಿನ ನೆರೆಯ ಗುಟ್ಟು ಅಲ್ಲಿದೆ. ಪುನರ್ವಸು, ಪುಷ್ಯ ಮಳೆ ಜಡಿ ಹಿಡಿದು ಸುರಿದ ಮೇಲೆ ಗುಡ್ಡದಲ್ಲಿ ಜಲ ಏಳುತ್ತದೆ. ದರೆಯಿಂದ (ಗುಡ್ಡದ ಕಡಿದಾದ ಮಣ್ಣಿನ ಗೋಡೆಯಿಂದ) ನೀರು ಜಿನುಗುತ್ತದೆ. ಗದ್ದೆ ತುಂಬಿರುತ್ತದೆ. ಆಗ ಕಾನಿನ ಮಣ್ಣೂ ಹೊಟ್ಟೆ ತುಂಬಿದ ಮಣ್ಣೇ. ಮೇಲೆ ಬಿದ್ದದ್ದರಲ್ಲಿ ಬಹುಪಾಲು ಹಳ್ಳಕ್ಕೆ ಬರುತ್ತದೆ. ಜೂನ್ ಮೊದಲ ವಾರ ಏನೂ ಮಾಡದ ಮಳೆ ಆಶ್ಲೇಷದಲ್ಲಿ ಸಂಕ ಕೊಚ್ಚುವುದು ಇದರಿಂದ. ‘ನಮ್ಮ ಮೇಲೆ ದಟ್ಟ ಕಾಡಿದೆ, ನಮಗೆ ಭಯ ಇಲ್ಲ’ ಅನ್ನುವ ಮಾತು ಅರ್ಧ ಸತ್ಯ. ಕಾಡು ಮಣ್ಣನ್ನು ಹಿಡಿಯುತ್ತದೆ, ಸಣ್ಣ ನೆರೆಗಳನ್ನು ತಗ್ಗಿಸುತ್ತದೆ. ನೆಲ ತುಂಬಿದ ಮೇಲೆ ಬರುವ ದೊಡ್ಡ ಮಳೆಯನ್ನು ತಡೆಯುವ ಶಕ್ತಿ ಅದಕ್ಕೂ ಕಡಿಮೆ.

ನೆಲ ತುಂಬಿದೆಯಾ ಅಂತ ತಿಳಿಯಲು ಯಂತ್ರ ಬೇಡ, ನಿಮ್ಮ ಬಾವಿ ಸಾಕು. ಬಾವಿಯ ಗೋಡೆಗೆ ಒಂದೊಂದು ಅಡಿಗೂ ಬಣ್ಣದ ಗೆರೆ ಹಾಕಿ. ನೀರು ಕೈಗೆ ಎಟುಕುವಷ್ಟು ಬಂದಿದ್ದರೆ ಅಂದಿನಿಂದ ಪ್ರತಿ ಜೋರು ಮಳೆಯನ್ನೂ ನೆರೆಯ ಮಳೆ ಅಂತಲೇ ನೋಡಿ.

ಬೇಸಿಗೆಯ ಗುಡುಗು ಮಳೆಯದು ಬೇರೆ ಕಥೆ. ಏಪ್ರಿಲ್, ಮೇ ತಿಂಗಳಲ್ಲಿ ನೆಲ ಒಣಗಿದ್ದರೂ ಮೇಲ್ಮೈ ಗಟ್ಟಿ ಇರುತ್ತದೆ. ಅರ್ಧ ಗಂಟೆಯಲ್ಲಿ ಸುರಿದ ನೀರು ಇಂಗಲು ಪುರಸೊತ್ತಿಲ್ಲದೆ ಓಡುತ್ತದೆ. ಆ ದಿನ ಹಳ್ಳದಲ್ಲಿ ಆಡುವ ಮಕ್ಕಳಿಗೆ ಅಪಾಯ ಜಾಸ್ತಿ. ಯಾಕೆಂದರೆ ಯಾರೂ ನೆರೆಯನ್ನು ಎದುರು ನೋಡಿರುವುದಿಲ್ಲ.

ಗದ್ದೆಯ ಬಗ್ಗೆ ಒಂದು ಮಾತು ಹೇಳಲೇಬೇಕು. 1 ಎಕರೆ ಗದ್ದೆಯ ಅಂಚು 15 ಸೆಂ.ಮೀ. ನೀರು ನಿಲ್ಲಿಸಿದರೆ ಸುಮಾರು 6 ಲಕ್ಷ ಲೀಟರ್ ಅಲ್ಲಿ ತಂಗುತ್ತದೆ. ಅದೇ ಗದ್ದೆಯನ್ನು ಅಡಿಕೆ ತೋಟ ಮಾಡಿ ಬಸಿಗಾಲುವೆ ತೆಗೆದರೆ ಆ ನೀರು ನಿಲ್ಲದೆ ಹಳ್ಳಕ್ಕೆ ಓಡುತ್ತದೆ. ತೋಟ ಮಾಡಬೇಡಿ ಅಂತ ನಾನು ಹೇಳುತ್ತಿಲ್ಲ, ಬದುಕು ನಡೆಯಬೇಕಲ್ವಾ. ಆದರೆ 20 ವರ್ಷದಲ್ಲಿ ನಿಮ್ಮ ಮೇಲಿನ ಕಣಿವೆಯಲ್ಲಿ ಎಷ್ಟು ಗದ್ದೆ ಹೋಯಿತು ಎಣಿಸಿ. ಅಜ್ಜನ ಕಾಲದಲ್ಲಿ ಇಲ್ಲಿಗೆ ನೀರು ಬಂದಿರಲಿಲ್ಲ ಅನ್ನುವ ಸಾಕ್ಷಿ ಇವತ್ತಿನ ಕಣಿವೆಗೆ ಪೂರ್ತಿ ಹೊಂದುವುದಿಲ್ಲ.

## ಹಂತ 5: ನೀರು ಕಟ್ಟಿಕೊಳ್ಳುವ ಜಾಗಗಳನ್ನು ಹುಡುಕಿ

ಕೆಳಗಿನಿಂದ ಮೇಲಕ್ಕೆ ನಡೆಯುತ್ತಾ ಪ್ರತಿ ಮೋರಿ, ಸಂಕ, ಒಡ್ಡು, ಕೆರೆ ನೋಡಿ. ಇಲ್ಲಿ ಒಂದು ಲೆಕ್ಕ ಮಾಡಿದರೆ ಕಣ್ಣು ತೆರೆಯುತ್ತದೆ.

1 ಚದರ ಕಿ.ಮೀ. ಮೇಲೆ 1 ಮಿ.ಮೀ. ಮಳೆ ಅಂದರೆ 10 ಲಕ್ಷ ಲೀಟರ್. ಗಂಟೆಗೆ 50 ಮಿ.ಮೀ. ರಭಸದ ಮಳೆ ಬಂತು, ಅದರಲ್ಲಿ ಅರ್ಧ ಮಾತ್ರ ಹರಿಯಿತು ಅಂತ ಇಟ್ಟುಕೊಳ್ಳಿ. ಹಳ್ಳದಲ್ಲಿ ಸೆಕೆಂಡಿಗೆ ಸುಮಾರು 7,000 ಲೀಟರ್ ಬರುತ್ತದೆ. ಈಗ ರಸ್ತೆಯ ಕೆಳಗಿನ 900 ಮಿ.ಮೀ. ಅಡ್ಡಳತೆಯ ಹ್ಯೂಮ್ ಪೈಪ್ (ಸಿಮೆಂಟ್ ಕೊಳವೆ) ನೋಡಿ. ಪೂರ್ತಿ ತುಂಬಿ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹರಿದರೂ ಅದು ಸಾಗಿಸುವುದು ಸುಮಾರು 1,900 ಲೀಟರ್. ಅಂಥ ನಾಲ್ಕು ಪೈಪ್ ಬೇಕಾದ ಕಡೆ ಒಂದೇ ಇದ್ದರೆ ಉಳಿದ ನೀರು ರಸ್ತೆ ಹತ್ತುತ್ತದೆ ಅಥವಾ ಪಕ್ಕದ ಅಂಗಳಕ್ಕೆ ನುಗ್ಗುತ್ತದೆ. ಇದು ಪೈಪಿಗೆ ಒಂದು ಕೊಂಬೆಯೂ ಸಿಕ್ಕಿಕೊಳ್ಳದ ದಿನದ ಲೆಕ್ಕ. ಬಿದಿರು ಮೆಳೆ, ಅಡಿಕೆ ಸೋಗೆ, ಪ್ಲಾಸ್ಟಿಕ್ ಬಂದು ಬಾಯಿ ಮುಚ್ಚಿದರೆ ಮೋರಿಯೇ ಒಡ್ಡಾಗುತ್ತದೆ.

ಒಡ್ಡು ಒಡೆದಾಗ ಬರುವ ನೀರಿಗೂ ಮಳೆಗೂ ಸಂಬಂಧವೇ ಇರುವುದಿಲ್ಲ. ಮಳೆ ನಿಂತು ಕಾಲು ಗಂಟೆ ಆದ ಮೇಲೂ ಬರಬಹುದು. ಕೆರೆಗಳನ್ನು ಅದಕ್ಕೇ ಜೋಪಾನವಾಗಿ ನೋಡಿ: ಕೋಡಿಯಲ್ಲಿ ಮಣ್ಣು, ಗಿಡ ತುಂಬಿದೆಯಾ? ಏರಿಯ ಹಿಂಬದಿ ಜಿನುಗು ಇದೆಯಾ? ಜಿನುಗುವ ನೀರು ತಿಳಿಯಾಗಿದೆಯಾ, ಕೆಂಪಾ? ಕೆಂಪಾಗಿದ್ದರೆ ಏರಿಯ ಮಣ್ಣು ಒಳಗಿಂದ ಹೋಗುತ್ತಿದೆ ಅಂತ ಅರ್ಥ. ತಡ ಮಾಡದೆ ಪಂಚಾಯ್ತಿಗೆ ತಿಳಿಸಿ.

ಹಳ್ಳದ ಎರಡೂ ಬದಿಯ ದರೆಗಳನ್ನೂ ನೋಡಿ. ಜೆಸಿಬಿಯಲ್ಲಿ ನೆಟ್ಟಗೆ ಕಡಿದ ದರೆ ಕುಸಿದು ಹಳ್ಳಕ್ಕೆ ಅಡ್ಡ ಬಿದ್ದರೆ ಅದೂ ಒಂದು ಒಡ್ಡೇ.

## ಹಂತ 6: ಹಳೆಯ ನೆರೆಯ ಗುರುತು ಹುಡುಕಿ

ಲೆಕ್ಕ ಸರಿಯೋ ತಪ್ಪೋ ಅಂತ ಹೇಳುವುದು ಹಳ್ಳವೇ. ಪೊದೆಗಳಲ್ಲಿ ಸಿಕ್ಕಿದ ಹುಲ್ಲು, ತರಗೆಲೆ ಎಷ್ಟು ಎತ್ತರದಲ್ಲಿದೆ? ಮರದ ಬುಡದಲ್ಲಿ ಕೆಸರಿನ ಗೆರೆ ಇದೆಯಾ? ಮೇಲ್ಗಡೆ ಬದಿಯ ತೊಗಟೆ ಮಾತ್ರ ಸವೆದಿದೆಯಾ? ಟೇಪಿನಿಂದ ಎತ್ತರ ಅಳೆದು ಬರೆಯಿರಿ.

ಕಲ್ಲುಗಳನ್ನೂ ಓದಬಹುದು. ಒಂದೇ ಗಾತ್ರದ ನುಣುಪು ಕಲ್ಲು ಸಾಲಾಗಿ ಕೂತಿದ್ದರೆ ಅದು ನೀರಿನ ಕೆಲಸ. ಆಳೆತ್ತರದ ಬಂಡೆ, ಮುಷ್ಟಿ ಗಾತ್ರದ ಕಲ್ಲು, ಕೆಮ್ಮಣ್ಣು ಎಲ್ಲ ಒಂದರೊಳಗೊಂದು ಕಲಸಿಕೊಂಡು ಬಿದ್ದಿದ್ದರೆ ಅಲ್ಲಿ ಯಾವತ್ತೋ ಗುಡ್ಡವೇ ಕೆಸರಾಗಿ ಹರಿದಿದೆ. ಅಂಥ ಜಾಗದಲ್ಲಿ ಮನೆ ಕಟ್ಟಲು ನಾನಂತೂ ಒಪ್ಪುವುದಿಲ್ಲ.

ಹಿರಿಯರನ್ನು ಕೇಳುವಾಗ ‘ನೆರೆ ಬಂದಿತ್ತಾ’ ಅಂತ ಕೇಳಬೇಡಿ. ‘ಯಾವ ಮೆಟ್ಟಿಲವರೆಗೆ ಬಂದಿತ್ತು, ಬರಲು ಎಷ್ಟು ಹೊತ್ತು ಹಿಡಿಯಿತು, ಹಿಂದಿನ ಮೂರು ದಿನ ಮಳೆ ಹೇಗಿತ್ತು’ ಅಂತ ಕೇಳಿ. 2019ರ ಆಗಸ್ಟ್ ಮಳೆ ಬಹಳ ಜನರ ನೆನಪಿನಲ್ಲಿ ಇನ್ನೂ ಹಸಿಯಾಗಿದೆ. ಅಲ್ಲಿಂದ ಮಾತು ಶುರು ಮಾಡಿ.

## ಹಂತ 7: ಮಳೆಯನ್ನು ಗಂಟೆಯ ಲೆಕ್ಕದಲ್ಲಿ ನೋಡಿ

ಹವಾಮಾನ ಇಲಾಖೆ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.5 ಮುಟ್ಟಿದರೆ ಅತ್ಯಂತ ಭಾರಿ ಅನ್ನುತ್ತದೆ. ಈ ಅಂಕಿಗಳು ಬೇಕು. ಆದರೆ 17 ನಿಮಿಷದ ಹಳ್ಳಕ್ಕೆ ಅವು ಸಾಲುವುದಿಲ್ಲ. ದಿನವಿಡೀ ಜಡಿಯಾಗಿ ಬಿದ್ದ 70 ಮಿ.ಮೀ. ಬೇರೆ, ಒಂದು ಗಂಟೆಯಲ್ಲಿ ಬಿದ್ದ 70 ಮಿ.ಮೀ. ಬೇರೆ.

ಜೋರು ಮಳೆ ಬಂದಾಗ ಡಬ್ಬದ ನೀರನ್ನು 15 ನಿಮಿಷಕ್ಕೊಮ್ಮೆ ಅಳೆಯಿರಿ. 15 ನಿಮಿಷಕ್ಕೆ 12ರಿಂದ 15 ಮಿ.ಮೀ. ಬಂದರೆ ಅದು ಗಂಟೆಗೆ 50ರಿಂದ 60ರ ರಭಸ. ಬಾವಿ ತುಂಬಿದ ಸಮಯದಲ್ಲಿ ಇಷ್ಟು ಕಂಡರೆ ಕಾಯಬೇಡಿ.

ಅಂಗಳದ ಮಳೆ ಮಾತ್ರ ನಂಬಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ. ನೂರು ಕಿ.ಮೀ. ಒಳಗಿರುವ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಇಲ್ಲ. ಘಟ್ಟದ ನೆತ್ತಿಯಿಂದ ನಾಲ್ಕು ಕಿ.ಮೀ. ಒಳಗೆ ಬಂದರೂ ಮಳೆ ಬದಲಾಗುತ್ತದೆ. ನೆತ್ತಿಯ ಹತ್ತಿರ ಇರುವ ಒಂದು ಮನೆಯವರ ಜೊತೆ ಮಾತಾಡಿ, ಅಲ್ಲೂ ಒಂದು ಡಬ್ಬ ಇಡಿಸಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯ್ತಿ ಮಟ್ಟದಲ್ಲಿವೆ. ಹಿಂದಿನ ದಿನಗಳ ಮಳೆ ತಿಳಿಯಲು ಅವು ಉಪಯೋಗ.

## ಹಂತ 8: ಎಚ್ಚರಿಕೆಯ ಚಿಹ್ನೆಗಳು, ಮತ್ತು ಆಗ ಏನು ಮಾಡಬೇಕು

ಇವುಗಳಲ್ಲಿ ಒಂದು ಕಂಡರೂ ಹಳ್ಳದಿಂದ ದೂರ, ಎತ್ತರಕ್ಕೆ ಹೋಗಿ:

1. ಹಳ್ಳದ ನೀರು ಇದ್ದಕ್ಕಿದ್ದಂತೆ ಕೆಂಪಾಗುವುದು, ಹಸಿ ಎಲೆ, ಮುರಿದ ಕೊಂಬೆ ತೇಲಿ ಬರುವುದು.
2. ಮೇಲ್ಗಡೆಯಿಂದ ಗುಡುಗಿನಂಥ ಮೊರೆತ, ಕಲ್ಲಿಗೆ ಕಲ್ಲು ತಾಗುವ ಸದ್ದು, ಹಸಿಮಣ್ಣಿನ ಗಾಢ ವಾಸನೆ.
3. ಮಳೆ ಸುರಿಯುತ್ತಲೇ ಇದೆ, ಹಳ್ಳ ಮಾತ್ರ ಇಳಿಯುತ್ತಿದೆ.
4. ದರೆಯಲ್ಲಿ ಹೊಸ ಒರತೆ, ಅಂಗಳದಲ್ಲಿ ಹೊಸ ಬಿರುಕು, ವಾಲಿದ ಮರ.

ಮೂರನೆಯದು ನನಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸುವ ಚಿಹ್ನೆ. ನೋಡುವವರಿಗೆ ನೀರು ತಗ್ಗಿತು ಅಂತ ಸಮಾಧಾನವಾಗುತ್ತದೆ. ಮೇಲೆ ಎಲ್ಲೋ ದರೆಯೋ ಮರವೋ ಅಡ್ಡ ಬಿದ್ದು ನೀರು ಕಟ್ಟಿಕೊಂಡಿರಬಹುದು. ಅದು ಒಡೆದಾಗ ಒಂದೇ ಸಲ ಬರುತ್ತದೆ. ನಮ್ಮ ನೆಂಟರ ಮನೆಯಲ್ಲಿ ಒಮ್ಮೆ ಹೀಗೆ ನೀರು ಇಳಿಯಿತು ಅಂತ ನಾವೆಲ್ಲ ಸಂಕದ ಹತ್ತಿರ ಪಂಪ್‌ಸೆಟ್ ಎತ್ತಿ ತರಲು ಹೋಗಿದ್ದೆವು. ಎತ್ತಿಕೊಂಡು ತೋಟದ ಮೇಲಿನ ದಾರಿ ಸೇರಿದ ಸ್ವಲ್ಪ ಹೊತ್ತಿಗೆ ಸಂಕವೇ ಇರಲಿಲ್ಲ. ಆ ಕೆಲಸ ಮಾಡಲೇಬಾರದಿತ್ತು.

ಹೋಗುವ ದಾರಿ ಮೊದಲೇ ಗೊತ್ತಿರಬೇಕು. ಹಳ್ಳದ ಉದ್ದಕ್ಕೆ ಕೆಳಗೆ ಓಡಬೇಡಿ, ಅಡ್ಡಕ್ಕೆ ಗುಡ್ಡ ಹತ್ತಿ. ಆದರೆ ಕಡಿದ ದರೆಯ ಬುಡದಲ್ಲಿ ನಿಲ್ಲಬೇಡಿ. ದಾರಿಯಲ್ಲಿ ಇನ್ನೊಂದು ಹಳ್ಳ ದಾಟಬೇಕಾದರೆ ಅದು ದಾರಿಯೇ ಅಲ್ಲ. ಮನೆಯ ಅತಿ ನಿಧಾನದವರ ಜೊತೆ, ಅಜ್ಜಿಯ ಜೊತೆ, ಕೈಯಲ್ಲಿ ಮಗು ಎತ್ತಿಕೊಂಡು, ಕತ್ತಲಲ್ಲಿ ಟಾರ್ಚ್ ಹಿಡಿದು ಒಮ್ಮೆ ನಡೆದು ನೋಡಿ, ಎಷ್ಟು ನಿಮಿಷ ಬೇಕು ಬರೆಯಿರಿ. ದನಗಳ ಹಗ್ಗ ಬಿಚ್ಚುವ ಹೊತ್ತನ್ನೂ ಸೇರಿಸಿ. ಆ ಅಂಕಿಯನ್ನು 3ನೇ ಹಂತದ ಅಂಕಿಯ ಪಕ್ಕ ಇಡಿ. ಹಳ್ಳಕ್ಕೆ 17 ನಿಮಿಷ, ನಿಮಗೆ 20 ನಿಮಿಷ ಅಂತ ಬಂದರೆ ನೀರು ನೋಡಿ ಹೊರಡುವ ಯೋಜನೆ ನಿಮಗೆ ಆಗುವುದಿಲ್ಲ. ಬಾವಿ ತುಂಬಿದ, ಅತಿ ಭಾರಿ ಮಳೆಯ ಮುನ್ಸೂಚನೆ ಇರುವ ರಾತ್ರಿಗಳಲ್ಲಿ ಸಂಜೆಯೇ ಎತ್ತರದ ಮನೆಗೆ ಹೋಗಿ ಮಲಗಬೇಕು.

ಹರಿಯುವ ನೀರು ದಾಟುವ ಸಾಹಸ ಬೇಡ. ರಭಸವಾಗಿ ಹರಿಯುವ 15 ಸೆಂ.ಮೀ. ನೀರು ದೊಡ್ಡವರನ್ನೂ ಬೀಳಿಸಬಲ್ಲದು. 60 ಸೆಂ.ಮೀ. ನೀರು ಹೆಚ್ಚಿನ ವಾಹನಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಮೋರಿಯ ಮೇಲೆ ಕೆಂಪು ನೀರು ಹರಿಯುತ್ತಿದ್ದರೆ ಅದರ ಕೆಳಗೆ ರಸ್ತೆ ಇದೆಯೋ ಇಲ್ಲವೋ ಕಾಣುವುದಿಲ್ಲ. ತುರ್ತು ಇದ್ದರೆ 112ಕ್ಕೆ, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077ಕ್ಕೆ ಕರೆ ಮಾಡಿ. ಕರೆ ಮಾಡುವುದು ಎತ್ತರಕ್ಕೆ ಹೋದ ಮೇಲೆ.

ಈ ಲೆಕ್ಕವನ್ನು ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಮಾಡಿ. ಮೇಲೆ ಹೊಸ ರಸ್ತೆ ಬಂದರೆ, ತೋಪು ಕಡಿದರೆ, ಗುಡ್ಡ ಮಟ್ಟ ಮಾಡಿ ಸೈಟ್ ಹಾಕಿದರೆ, ದರೆ ಕುಸಿದರೆ ಅದೇ ಬೇಸಿಗೆಯಲ್ಲಿ 2ನೇ ಹಂತದಿಂದ ಶುರು ಮಾಡಿ. ಬರೆದಿಟ್ಟ ನೋಟ್‌ಬುಕ್‌ನ ಒಂದು ಪ್ರತಿ ಕೆಳಗಿನ ಮನೆಯವರಿಗೂ ಕೊಡಿ. ನಿಮ್ಮನ್ನು ದಾಟಿದ ನೀರು ಹೋಗುವುದು ಅವರ ಅಂಗಳಕ್ಕೆ.